ಜೋಳದ ಋಣ, ಒಡಹುಟ್ಟಿನ ನಂಟು: ಪಂಪ–ರನ್ನರ ಕಾವ್ಯದಲ್ಲಿ ಯೋಧನ ಮನಸ್ಸು

ಹಳಗನ್ನಡ ಕಾವ್ಯದ ಯೋಧ ಯಾರಿಗಾಗಿ ಕಾದುತ್ತಾನೆ ಎಂದು ಕೇಳಿದರೆ ಮೊದಲು ಹೊಳೆಯುವ ಉತ್ತರ: ತನಗೆ ಅನ್ನ ಹಾಕಿದವನಿಗಾಗಿ. ನಾಡು, ಧರ್ಮ, ನ್ಯಾಯ ಎಂಬ ಮಾತುಗಳು ಕಾವ್ಯದಲ್ಲಿ ಇಲ್ಲವೆಂದಲ್ಲ. ಕತ್ತಿ ಹಿರಿಯುವ ಗಳಿಗೆ ಬಂದಾಗ ಮಾತ್ರ ಆಳಿನ ಬಾಯಿಗೆ ಬರುವುದು ಉಂಡ ಜೋಳದ ಲೆಕ್ಕ. ಶಾಸನಗಳು ಇದನ್ನು ಜೋಳವಾಳಿ ಎಂದು ಕರೆದವು. ಒಡೆಯನ ಜೊತೆಗೆ ಸಾಯುವ ಪಣ ತೊಟ್ಟವರ ಕಟ್ಟಳೆಗೆ ವೇಳೆವಾಳಿ, ಲೆಂಕವಾಳಿ ಎಂಬ ಹೆಸರುಗಳಿದ್ದವು. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (1966) ಈ ಸಂಪ್ರದಾಯವನ್ನು ಶಾಸನಗಳ ಆಧಾರದಿಂದ ವಿವರವಾಗಿ ಕಟ್ಟಿಕೊಟ್ಟ ಮೇಲೆ, ಪಂಪನ ಕರ್ಣನನ್ನು ಈ ನಿಷ್ಠೆಯ ಕಾವ್ಯರೂಪವೆಂದು ಓದುವುದು ನಮ್ಮ ವಿಮರ್ಶೆಗೆ ರೂಢಿಯಾಯಿತು. ಸ್ವಾಮಿನಿಷ್ಠೆಯ ಪರಮಾವಧಿ ಕರ್ಣ ಎಂಬ ಮಾತನ್ನು ತರಗತಿಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ.

ನನ್ನ ತಕರಾರು ಈ ರೂಢಿಯ ಓದಿನ ಜೊತೆಗೆ. ಪಂಪ, ರನ್ನ ಇಬ್ಬರೂ ನಿಷ್ಠೆಯನ್ನು ಹಾಡಿ ಹೊಗಳಿದ್ದಕ್ಕಿಂತ ಹೆಚ್ಚಾಗಿ ಅದನ್ನು ಒರೆಗೆ ಹಚ್ಚಿದ್ದಾರೆ. ಶಾಂತಿಯ ದಿನಗಳಲ್ಲಿ ಒಬ್ಬ ಮನುಷ್ಯ ಒಡೆಯನಿಗೂ ತಾಯಿಗೂ ಗುರುವಿಗೂ ಗೆಳೆಯನಿಗೂ ಏಕಕಾಲಕ್ಕೆ ಋಣಿಯಾಗಿರಬಹುದು. ಯಾರೂ ಬಾಕಿ ಕೇಳಲು ಬರುವುದಿಲ್ಲ. ಯುದ್ಧ ಬಂದಾಗ ಎಲ್ಲ ಸಾಲಗಾರರೂ ಒಂದೇ ದಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪಂಪನ ‘ವಿಕ್ರಮಾರ್ಜುನ ವಿಜಯ’, ರನ್ನನ ‘ಗದಾಯುದ್ಧ’ ಎಂಬ ಹತ್ತನೆಯ ಶತಮಾನದ ಎರಡು ಕಾವ್ಯಗಳಲ್ಲಿ ಯೋಧನ ಭಾವಲೋಕ ತೆರೆದುಕೊಳ್ಳುವುದು ಇಂಥ ಇಕ್ಕಟ್ಟಿನಲ್ಲಿ. ಅದೇ ಕಾಲದ ವೀರಗಲ್ಲುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ, ಕಲ್ಲು ಒಪ್ಪದ ಎಷ್ಟು ಸಂಗತಿಗಳಿಗೆ ಕಾವ್ಯ ಜಾಗ ಕೊಟ್ಟಿದೆ ಎಂಬುದೂ ತಿಳಿಯುತ್ತದೆ.

ಕಲ್ಲಿನ ಮಾತು

ವೀರಗಲ್ಲಿನ ಅಚ್ಚು ನಮಗೆಲ್ಲ ಗೊತ್ತಿರುವುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಎಲ್ಲಕ್ಕಿಂತ ಮೇಲೆ ಶಿವಲಿಂಗದ ಅಥವಾ ಜಿನನ ಸನ್ನಿಧಿ. ಇದರಲ್ಲಿ ಹಿಂಜರಿಕೆಗೆ ಎಡೆಯಿಲ್ಲ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಈ ಚಿತ್ರದಲ್ಲಿ ಮನುಷ್ಯ ಒಂದೇ ದಿಕ್ಕಿಗೆ ಚಲಿಸುತ್ತಾನೆ. ಗಂಗ ನೀತಿಮಾರ್ಗನ ಸಾವನ್ನು ತೋರಿಸುವ ದೊಡ್ಡಹುಂಡಿಯ ಕಲ್ಲಿನಲ್ಲಿ ಅರಸ ಮಂಚದ ಮೇಲೆ ಪ್ರಾಣ ಬಿಡುತ್ತಿದ್ದಾನೆ, ಮನೆಮಗನಂಥ ಸೇವಕ ಅಗರಯ್ಯ ಪಕ್ಕದಲ್ಲಿದ್ದಾನೆ. ಅಗರಯ್ಯ ಕೀಳ್ಗುಂಟೆಯಾದನೆಂದು, ಅಂದರೆ ಒಡೆಯನ ಕೆಳಗೆ ತಾನೂ ಹೂಳಿಸಿಕೊಂಡನೆಂದು, ಶಾಸನ ಹೇಳುತ್ತದೆ. ಆ ನಿರ್ಧಾರದ ಹಿಂದಿನ ರಾತ್ರಿ ಅವನ ಮನೆಯಲ್ಲಿ ಏನು ನಡೆದಿರಬಹುದೆಂದು ಕೇಳುವುದು ಕಲ್ಲಿನ ಕೆಲಸವಲ್ಲ. ಅರಸನೊಡನೆ ಸಾಯುವ ಪಣ ತೊಟ್ಟ ಹೊಯ್ಸಳ ಗರುಡರ ವಿಷಯದಲ್ಲಿಯೂ ಹೀಗೆಯೇ. ಎರಡನೆಯ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮ ಹೆಂಡತಿಯೊಡನೆ, ತನ್ನ ಸಂಗಡಿಗರೊಡನೆ ಪ್ರಾಣಾರ್ಪಣೆ ಮಾಡಿದ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬದಲ್ಲಿ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಆಳುಗಳ ಸಾಲು ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಲ್ಲಿ ಒಂದೇ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಅರಸರ ಜೊತೆ ಸಾಯುತ್ತ ಬಂದ ದಾಖಲೆ ಇದೆ. ಮಗನಿಗೆ ಅಪ್ಪನಿಂದ ಬಂದ ಆಸ್ತಿ ಸಾಯುವ ಹೊಣೆ!

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿರುವುದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ನಡೆಸಿದ ಯುದ್ಧ ಅದರ ಹಿನ್ನೆಲೆ. ರಾಜಾದಿತ್ಯನನ್ನು ಕೊಂದವನು ಕೃಷ್ಣನ ಭಾವಮೈದುನ, ಗಂಗರ ಬೂತುಗ. ಬೂತುಗನ ಆಳು ಮಣಲೇರ ಆ ಕಾಳಗದಲ್ಲಿ ಮೆರೆದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡ ಹಂದಿಯೊಂದನ್ನು ಕೆಣಕಿ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚೆಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿಯ ಪಾಪ ತಟ್ಟಲಿ ಎಂಬ ಶಾಪವನ್ನೂ ಬರೆಸಿದರು.

ಒಬ್ಬ ಯೋಧ ತನ್ನ ಪ್ರಾಣದ ಬೆಲೆಯಾಗಿ ನಾಯಿಯನ್ನು ಕೇಳಿದ ಎಂಬುದು ಕೇಳಲು ಮುದ್ದಾಗಿದೆ. ಅದೇ ಕಲ್ಲಿನ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಬೂತುಗ ಗಂಗವಾಡಿ ತೊಂಬತ್ತಾರು ಸಾಸಿರವನ್ನು ಆಳುತ್ತಿದ್ದುದು ರಾಚಮಲ್ಲನನ್ನು ಕಾದಿ ಕೊಂದ ಮೇಲೆ ಎಂದು ಶಾಸನ ತಾನಾಗಿಯೇ ಹೇಳುತ್ತದೆ. ರಾಚಮಲ್ಲ ಬೂತುಗನ ಒಡಹುಟ್ಟಿದ ಅಣ್ಣ. ನಾಯಿಯ ಸಾವಿಗೆ ಕಣ್ಣೀರು, ಪೂಜೆ, ಭೂಮಿ, ಶಾಪ. ಅಣ್ಣನ ಸಾವಿಗೆ ಒಂದು ಪದಪುಂಜ. ಇದನ್ನು ಬರೆಸಿದವರು ಕ್ರೂರಿಗಳೆಂದು ನಾನು ಹೇಳುತ್ತಿಲ್ಲ. ಅಣ್ಣನನ್ನು ಕೊಂದದ್ದು ಅಧಿಕಾರದ ಇತಿಹಾಸಕ್ಕೆ ಸೇರಿದ ಸಂಗತಿ, ಅದಕ್ಕೆ ಭಾವದ ಭಾಷೆ ಬೇಕಿರಲಿಲ್ಲ. ನಾಯಿ ಕೊನೆಯವರೆಗೂ ಒಡೆಯನದಾಗಿಯೇ ಇತ್ತು, ಅದನ್ನು ಕುರಿತು ಧಾರಾಳವಾಗಿ ಮರುಗಬಹುದಿತ್ತು.

ನಿಷ್ಠೆ ಬದಲಿಸಿದವರ ಆಸ್ಥಾನ

ಆತಕೂರಿನ ಕಲ್ಲು ನಿಲ್ಲುವುದಕ್ಕೆ ಕೆಲವೇ ವರ್ಷ ಮೊದಲು, 941ರ ಸುಮಾರಿಗೆ, ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ. ಅವನು ಬರಿಯ ಆಸ್ಥಾನಕವಿಯಲ್ಲ, ಕತ್ತಿ ಹಿಡಿದವನು. ಕವಿಯೂ ಕಲಿಯೂ ಎಂದು ತನ್ನನ್ನು ಹೇಳಿಕೊಂಡವನು. ಅವನ ಒಡೆಯ ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿ. ಕಾವ್ಯದಲ್ಲಿ ಅರಿಕೇಸರಿಯೇ ಅರ್ಜುನ. ಈ ಸಮೀಕರಣದ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದದ್ದು, ಪಟ್ಟಾಭಿಷೇಕ ಅವನಿಗೇ ಆದದ್ದು ಎಲ್ಲ ಅದರ ಫಲ. ನಮ್ಮ ವಿಷಯಕ್ಕೆ ಬೇಕಾದ ಸಂಗತಿ ಬೇರೆ. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ತನ್ನ ಚಕ್ರವರ್ತಿ ನಾಲ್ಕನೆಯ ಗೋವಿಂದನ ವಿರುದ್ಧ ಅವನು ತಿರುಗಿಬಿದ್ದ. ಚಕ್ರವರ್ತಿಗೆ ಬೇಡವಾಗಿದ್ದ ಬಿಜ್ಜ ಮರೆಹೊಕ್ಕಾಗ ಅವನನ್ನು ಕಾಯ್ದುಕೊಂಡ. ಗೋವಿಂದನನ್ನು ಕೆಳಗಿಳಿಸಿ ಸಾಮ್ರಾಜ್ಯ ಬದ್ದೆಗನ ಕೈಸೇರುವಂತೆ ಮಾಡಿದ. ಪಂಪ ಇದನ್ನೆಲ್ಲ ಮುಚ್ಚಿಡುವುದಿಲ್ಲ, ಒಡೆಯನ ಹಿರಿಮೆಯೆಂದೇ ಹೇಳುತ್ತಾನೆ. ಅಂದರೆ ಉಂಡ ಮನೆಗೆ ಎರಡು ಬಗೆಯದ ಕರ್ಣನ ಕಥೆ ಮೊದಲು ಕೇಳಿಬಂದದ್ದು ಮೇಲಿನವನಿಗೆ ಎದುರುಬಿದ್ದು ಹೆಸರಾದ ಒಬ್ಬ ಸಾಮಂತನ ಓಲಗದಲ್ಲಿ.

ರನ್ನನ ಕಾಲಕ್ಕೆ ಇದು ಇನ್ನೂ ಎದ್ದು ಕಾಣುತ್ತದೆ. ರಾಷ್ಟ್ರಕೂಟರ ಸಾಮಂತನಾಗಿದ್ದ ತೈಲಪ 973ರಲ್ಲಿ ಎರಡನೆಯ ಕರ್ಕನನ್ನು ಸೋಲಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ನಿಲ್ಲಿಸಿದ. ಹಳೆಯ ಮನೆಗೆ ನಿಷ್ಠರಾಗಿ ಉಳಿದವರು ಗಂಗರು. ಮಾರಸಿಂಹ ತನ್ನ ಸೋದರಳಿಯ ನಾಲ್ಕನೆಯ ಇಂದ್ರನನ್ನು ರಾಷ್ಟ್ರಕೂಟ ಪಟ್ಟಕ್ಕೆ ತರಲು ಹೆಣಗಿ, ಸೋತು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡು ತೀರಿಕೊಂಡ. ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಮುದುವೊಳಲಿನ ಬಳೆಗಾರರ ಮನೆಯ ಹುಡುಗ ರನ್ನ ಓದಿದ್ದು ಅದೇ ಅಜಿತಸೇನರ ಬಳಿ, ಅವನಿಗೆ ಮೊದಲ ಆಸರೆ ಕೊಟ್ಟವನು ಗಂಗರ ಮಂತ್ರಿ ಚಾವುಂಡರಾಯ. ಮುಂದೆ ಅವನು ಸೇರಿದ್ದು ಗೆದ್ದವರ ಆಸ್ಥಾನ. ತೈಲಪನ ಮಗ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಸೋತವರ ಅನ್ನ ಉಂಡು, ಗೆದ್ದವರ ಓಲಗದಲ್ಲಿ ಕೂತವನು ಸೋತ ದುರ್ಯೋಧನನ ಬಾಯಲ್ಲಿ ಅಂಥ ಮಾತುಗಳನ್ನು ಆಡಿಸಿದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಇದು ಊಹೆ, ಶಾಸನದ ಬೆಂಬಲವಿರುವ ತೀರ್ಮಾನವಲ್ಲ. ಆದರೂ ಏಕನಿಷ್ಠೆ ಎಂಬುದು ಆ ಕಾಲದ ಸಹಜ ಸ್ಥಿತಿಯಾಗಿತ್ತು, ಕವಿಗಳು ಅದನ್ನು ಕಂಡಂತೆ ಬರೆದರು ಎಂಬ ನಂಬಿಕೆಯನ್ನಂತೂ ಈ ಇತಿಹಾಸ ಅಲ್ಲಾಡಿಸುತ್ತದೆ. ಎಲ್ಲೆಡೆ ಸಿಗುವ ವಸ್ತುವಾಗಿದ್ದರೆ ಜೋಳವಾಳಿಗೆ ಅಷ್ಟೊಂದು ಕಲ್ಲು ನಿಲ್ಲಿಸಬೇಕಾಗಿರಲಿಲ್ಲ.

ಕರ್ಣನ ಇಕ್ಕಟ್ಟು

ಪಂಪನ ಕೃಷ್ಣ ಕರ್ಣನನ್ನು ಒಡೆಯಲು ಬಂದಾಗ ಎರಡು ಅಸ್ತ್ರ ತರುತ್ತಾನೆ. ಮೊದಲನೆಯದು ಹುಟ್ಟಿನ ಗುಟ್ಟು: ನೀನು ಕುಂತಿಯ ಮಗ, ಪಾಂಡವರ ಹಿರಿಯಣ್ಣ. ಇದು ಭಾರತ ಬಲ್ಲ ಎಲ್ಲರಿಗೂ ಗೊತ್ತಿರುವ ಮಾತು. ಎರಡನೆಯದು ಹೆಚ್ಚು ಹರಿತ. ದುರ್ಯೋಧನನಿಗೂ ಈ ಗುಟ್ಟು ಗೊತ್ತು, ಬೇಟೆಗೆ ಹೋಗಿದ್ದಾಗ ಋಷಿಯೊಬ್ಬನಿಂದ ತಿಳಿದುಕೊಂಡಿದ್ದಾನೆ, ತಿಳಿದೇ ಮುಳ್ಳಿನಿಂದ ಮುಳ್ಳು ತೆಗೆಯಲೆಂದು ನಿನ್ನನ್ನು ಸಾಕಿಕೊಂಡಿದ್ದಾನೆ ಎಂಬ ಆರೋಪ. ಮೊದಲ ಅಸ್ತ್ರ ಕರ್ಣನಿಗೆ ಹೊಸ ನಂಟನ್ನು ತೋರಿಸುತ್ತದೆ, ಎರಡನೆಯದು ಇರುವ ನಂಟನ್ನೇ ಹುಸಿಯಾಗಿಸಲು ನೋಡುತ್ತದೆ. ಗೆಳೆತನವೆಂದು ನಂಬಿದ್ದು ಬರಿಯ ಲೆಕ್ಕಾಚಾರವಾಗಿದ್ದರೆ ಜೋಳದ ಋಣಕ್ಕೆ ಏನು ಬೆಲೆ?

ಕರ್ಣ ಇದನ್ನು ವಾದದಿಂದ ಎದುರಿಸುವುದಿಲ್ಲ. ದುರ್ಯೋಧನ ಅಂಥವನಲ್ಲ ಎಂದು ಸಾಧಿಸಲೂ ಹೋಗುವುದಿಲ್ಲ. ಅವನಿಗೆ ನೆನಪಾಗುವುದು ಅಂತಃಪುರದ ಒಂದು ಸಂಜೆಯ ಪಗಡೆಯಾಟ: ಸೋತ ಭಾನುಮತಿ, ಪಣ ಕೊಡೆಂಬ ಕಾಟ, ಹರಿದ ಮುತ್ತಿನ ಹಾರ, ಅದೇ ಹೊತ್ತಿಗೆ ಒಳಬಂದ ದುರ್ಯೋಧನ, ಮುತ್ತುಗಳನ್ನು ತಾನೇ ಆಯ್ದುಕೊಡಲೇ ಎಂದು ಕೇಳಿದ ಅವನ ನಿರಾಳ. ಅಂಥವನನ್ನು ಬಿಟ್ಟು ಹೇಗೆ ಬರಲಿ ಎಂಬುದು ಕರ್ಣನ ಪ್ರತಿಪ್ರಶ್ನೆ. ಈ ಪದ್ಯದಲ್ಲಿ ಯಾರು ಯಾರೊಡನೆ ಆಡಿದರು, ಹಾರ ಹೇಗೆ ಹರಿಯಿತು ಎಂಬುದರ ಮೇಲೆ ನಮ್ಮ ಪಂಡಿತರು ಒಂದು ಕಾಲಕ್ಕೆ ಬಿಸಿಬಿಸಿ ವಾದ ಮಾಡಿದರು. ಆ ವಾದದ ಗದ್ದಲದಲ್ಲಿ ಪದ್ಯದ ಸಂದರ್ಭವೇ ಮರೆಗೆ ಸರಿಯಿತೇನೋ. ಕರ್ಣ ಇಲ್ಲಿ ಅಂಗರಾಜ್ಯವನ್ನು ನೆನೆಯುವುದಿಲ್ಲ, ಪಟ್ಟ ಕಟ್ಟಿದ ದಿನವನ್ನೂ ನೆನೆಯುವುದಿಲ್ಲ. ಉಂಡದ್ದರ, ಪಡೆದದ್ದರ ಲೆಕ್ಕ ಹೇಳಿದ್ದರೆ ಕೃಷ್ಣ ಅದಕ್ಕಿಂತ ದೊಡ್ಡ ಲೆಕ್ಕ ತೋರಿಸುತ್ತಿದ್ದ; ಇಡೀ ಹಸ್ತಿನಾವತಿಯೇ ಅವನ ಕೈಯಲ್ಲಿತ್ತು. ಲೆಕ್ಕಕ್ಕೆ ಸಿಗದ ಒಂದು ಗಳಿಗೆಯನ್ನು ಕರ್ಣ ಮುಂದಿಡುತ್ತಾನೆ. ತನ್ನ ಹೆಂಡತಿಯ ವಿಷಯದಲ್ಲಿಯೂ ಗೆಳೆಯನನ್ನು ಶಂಕಿಸದಿದ್ದವನ ಮೇಲೆ ಈಗ ತಾನು ಶಂಕೆ ತಾಳುವುದು ಹೇಗೆ? ಜೋಳವಾಳಿಯ ಪರಿಭಾಷೆಯಲ್ಲಿ ಇದನ್ನು ಓದಿದರೆ ಪಂಪನ ಕೈಚಳಕ ತಪ್ಪಿಹೋಗುತ್ತದೆ. ಅವನ ಕರ್ಣನನ್ನು ಕಟ್ಟಿಹಾಕಿದ್ದು ಅನ್ನಕ್ಕಿಂತ ಆಳದ ಒಂದು ನಂಬಿಕೆ.

ಅಷ್ಟಾದರೂ ರಕ್ತದ ನಂಟು ಕರ್ಣನನ್ನು ಬಿಡುವುದಿಲ್ಲ. ಇಲ್ಲಿಯೇ ಅವನು ವೀರಗಲ್ಲಿನ ಆಳಿಗಿಂತ ಬೇರೆಯಾಗುತ್ತಾನೆ. ತಮ್ಮಂದಿರೆಂದು ತಿಳಿದ ಮೇಲೆ ಪಾಂಡವರನ್ನು ಕೊಲ್ಲಲು ಕೈ ಬರದು, ಒಡೆಯನನ್ನು ತೊರೆಯಲು ಮನಸ್ಸು ಒಪ್ಪದು. ಉಳಿದದ್ದು ಒಂದೇ ದಾರಿ: ರಣದ ಮುಂಚೂಣಿಯಲ್ಲಿ ತನ್ನನ್ನೇ ಇಲ್ಲವಾಗಿಸಿಕೊಳ್ಳುವುದು. ಗಂಗೆಯ ದಡಕ್ಕೆ ಬಂದ ಕುಂತಿಗೆ ಅವನು ಅರ್ಜುನನ ಹೊರತು ಉಳಿದವರನ್ನು ಕೊಲ್ಲೆನೆಂದು ಮಾತು ಕೊಡುವಾಗ ತಾಯಿಗೂ ಒಡೆಯನಿಗೂ ತನ್ನನ್ನು ಹಂಚಿಕೊಡುತ್ತಿದ್ದಾನೆ. ಯುದ್ಧನೀತಿಯ ದೃಷ್ಟಿಯಿಂದ ನೋಡಿದರೆ ಇದು ಒಡೆಯನಿಗೆ ಬಗೆದ ದ್ರೋಹ. ಸೇನೆಯ ನೆಚ್ಚಿನ ವೀರ ಎದುರಾಳಿಯ ನಾಲ್ವರನ್ನು ಗುಟ್ಟಾಗಿ ಕಾಳಗದಿಂದ ಹೊರಗಿಟ್ಟಿದ್ದಾನೆ. ಸ್ವಾಮಿನಿಷ್ಠೆಯ ಪರಮಾವಧಿ ಎಂದು ನಾವು ಕೊಂಡಾಡುವ ಪಾತ್ರ ಯುದ್ಧ ಶುರುವಾಗುವ ಮೊದಲೇ ನಿಷ್ಠೆಯಲ್ಲಿ ಒಂದು ಬಿರುಕು ಬಿಟ್ಟುಕೊಂಡಿದೆ, ಪಂಪ ಅದನ್ನು ತಿಳಿದೇ ಬಿಟ್ಟಿದ್ದಾನೆ. ಕರ್ಣನಿಗಿಂತ ಗಟ್ಟಿಯಾದ ನಿಷ್ಠೆ ಅಗರಯ್ಯನದು. ಅಗರಯ್ಯನ ಮೇಲೆ ಒಂದು ಕಾವ್ಯ ಬರೆಯುವುದು ಮಾತ್ರ ಕಷ್ಟ.

ಸೇನಾಪತಿಯ ಆಯ್ಕೆಯ ಪ್ರಸಂಗದಲ್ಲಿ ಯುದ್ಧ ಇನ್ನೊಂದು ನಂಟನ್ನು ಕೆಡಿಸುತ್ತದೆ. ಭೀಷ್ಮನಿಗೆ ಪಟ್ಟ ಕಟ್ಟಿದಾಗ ಕರ್ಣ ಅವನ ಮುಪ್ಪನ್ನು ಹಂಗಿಸುತ್ತಾನೆ. ದ್ರೋಣ ಎದ್ದು ಕರ್ಣನ ಕುಲವನ್ನು ಎತ್ತಿ ಆಡುತ್ತಾನೆ. ಹುಟ್ಟಿದ ಮನೆತನ ಕುಲವಲ್ಲ, ಛಲವೂ ಗುಣವೂ ಅಭಿಮಾನವೂ ಕುಲ ಎಂದು ಕರ್ಣ ಕೊಡುವ ಉತ್ತರ ಕನ್ನಡಿಗರ ನಾಲಗೆಯ ಮೇಲಿದೆ, ವಿವರಿಸಬೇಕಾಗಿಲ್ಲ. ಅಷ್ಟು ಪ್ರಸಿದ್ಧವಲ್ಲದ ಮಾತು ಭೀಷ್ಮನದು. ಹರೆಯದ ಸೊಕ್ಕು, ಒಡೆಯನ ಒಲವು, ತೋಳಿನ ಬಲ ಎಲ್ಲ ನಿನಗುಂಟು, ನನಗಿಲ್ಲ. ಇದು ಭಾರತಯುದ್ಧ, ನಿನ್ನ ಸರದಿಯೂ ಬರುತ್ತದೆ ಎಂದು ಅವನು ಸಿಟ್ಟಿಲ್ಲದೆ ಹೇಳುತ್ತಾನೆ. ಆ ಕ್ಷಣಕ್ಕೆ ಅದು ಚುಚ್ಚುಮಾತಿನಂತೆ ಕೇಳಿಸಿದರೂ ಮುಂದಿನ ದಿನಗಳಲ್ಲಿ ಅರ್ಥ ಬಲಿಯುತ್ತ ಹೋಗುತ್ತದೆ. ಭೀಷ್ಮ ಬೀಳುವವರೆಗೆ ಆಯುಧ ಮುಟ್ಟೆನೆಂದ ಕರ್ಣ, ಭೀಷ್ಮ ಬಿದ್ದ ಮೇಲೆ ಶರಶಯ್ಯೆಯ ಬಳಿಗೆ ಹೋಗಿ ಅವನ ಕಾಲಿಗೆರಗುತ್ತಾನೆ. ಒಂದೇ ಪಾಳೆಯದ ಇಬ್ಬರು ಯೋಧರು ಮನಬಿಚ್ಚಿ ಮಾತಾಡಲು ಒಬ್ಬ ಸಾವಿನ ಹಾಸಿಗೆಗೆ ಹೋಗಬೇಕಾಯಿತು. ಕಾಳಗದ ಸಭೆಯಲ್ಲಿ ಗಂಡಸಿಗೆ ಸಿಟ್ಟು ಮಾತ್ರ ಸಭ್ಯವಾದ ಭಾವ. ಮರುಕ ತೋರಿಸಲು ಎದುರಿನವ ನಿರಾಯುಧನಾಗಿರಬೇಕು. ಪಂಪ ಸೈನಿಕನಾಗಿ ಇದನ್ನು ಬಿಡಾರಗಳಲ್ಲಿ ಕಂಡಿರಬಹುದು.

ಹೆಣಗಳ ನಡುವೆ ದುರ್ಯೋಧನ

ರನ್ನ ತನ್ನ ಕಾವ್ಯವನ್ನು ಆರಂಭಿಸುವುದು ಹೆಚ್ಚುಕಡಿಮೆ ಎಲ್ಲರೂ ಸತ್ತ ಮೇಲೆ. ಭಟ್ಟನಾರಾಯಣನ ‘ವೇಣೀಸಂಹಾರ’, ಭಾಸನ ‘ಊರುಭಂಗ’ ಅವನ ಬೆನ್ನಿಗಿದ್ದವೆಂಬುದನ್ನು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಆದರೆ ಸಂಜಯನ ಕೈಹಿಡಿದು ದುರ್ಯೋಧನ ಹೆಣಗಳನ್ನು ದಾಟುತ್ತ ಭೀಷ್ಮನಿರುವಲ್ಲಿಗೆ ನಡೆಯುವ ಭಾಗದ ಸೊಗಸು ರನ್ನನ ಸ್ವಂತ ಗಳಿಕೆ. ಈ ನಡಿಗೆಯಲ್ಲಿ ಅವನು ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ, ಪ್ರತಿ ಹೆಣದ ಮುಂದೆಯೂ ಬೇರೆ ಮನುಷ್ಯನಾಗುತ್ತಾನೆ.

ಅಭಿಮನ್ಯುವಿನ ಮುಂದೆ ಹಗೆತನ ಕರಗಿ ಹೋಗುತ್ತದೆ. ಹಗೆಯ ಮಗನಿಗೆ ಅವನು ಕೈಮುಗಿದು, ನಿನ್ನಂಥ ಸಾವಿನಲ್ಲಿ ಒಂದು ಪಾಲಾದರೂ ನನಗೆ ಸಿಗಲಿ ಎಂದು ಬೇಡಿಕೊಳ್ಳುತ್ತಾನೆ. ಅದರ ಬೆನ್ನಿಗೇ ಕಾಣುವುದು ತನ್ನದೇ ಮಗ ಲಕ್ಷ್ಮಣಕುಮಾರ. ಅಪ್ಪನಿಗೆ ಮಗ ನೀರು ಬಿಡುವುದು ಲೋಕದ ಕ್ರಮ, ಈಗ ನಾನೇ ನಿನಗೆ ಬಿಡಬೇಕಾಯಿತೆ, ಸಾಲು ತಪ್ಪಿಸಿದೆಯಲ್ಲ ಎಂಬ ಅಳಲು. ದುಶ್ಶಾಸನನ ಮುಂದೆಯೂ ಇದೇ ಎಳೆ: ತಾಯ ಹಾಲನ್ನು ಮೊದಲು ಕುಡಿದವನು ನಾನು, ಬಳಿಕ ನೀನು, ಎಲ್ಲದರಲ್ಲೂ ಹಿರಿಯನ ಹಿಂದೆ ಬಂದವನು ಸಾಯುವುದರಲ್ಲಿ ಮಾತ್ರ ಮುಂದಾದೆ. ಮಗ, ತಮ್ಮ ಇಬ್ಬರ ವಿಷಯದಲ್ಲಿಯೂ ರನ್ನನ ದುರ್ಯೋಧನ ದುಃಖಿಸುವುದು ಸರದಿ ತಪ್ಪಿದ್ದಕ್ಕೆ. ಮನೆಯ ಕ್ರಮ ಅಂದರೆ ಹಿರಿಯ ಮೊದಲು, ಕಿರಿಯ ಆಮೇಲೆ. ಯುದ್ಧ ಆ ಕ್ರಮವನ್ನು ತಲೆಕೆಳಗು ಮಾಡಿತು. ರಾಜ್ಯ ಹೋಯಿತೆಂಬ ಮಾತು ಈ ಭಾಗದಲ್ಲಿ ಎಷ್ಟು ಕಡಿಮೆ ಎಂಬುದನ್ನು ಓದುಗರು ಗಮನಿಸಬೇಕು. ಹದಿನೆಂಟು ಅಕ್ಷೋಹಿಣಿಯ ಲೆಕ್ಕಕ್ಕಿಂತ ಒಂದು ಮನೆಯ ಊಟದ ಸಾಲು ಕಲಸಿಹೋದದ್ದು ಅವನಿಗೆ ದೊಡ್ಡದು.

ಕೊನೆಗೆ ಕರ್ಣ. ಇಲ್ಲಿ ರನ್ನ ಪಂಪನ ಕಾವ್ಯದ ಒಂದು ಬಾಗಿಲನ್ನು ಬೇರೆ ಕಡೆಯಿಂದ ತೆರೆಯುತ್ತಾನೆ. ನೀನು ಯಾರ ಮಗನೆಂದು ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ನಾನೂ ಬಲ್ಲೆ. ಬೇರೆ ಯಾರೂ ಅರಿಯರು ಎಂದು ದುರ್ಯೋಧನ ಹೆಣಕ್ಕೆ ಹೇಳುತ್ತಾನೆ. ಪಂಪನಲ್ಲಿ ಕೃಷ್ಣ ಹೊರಿಸಿದ್ದ ಆರೋಪವನ್ನು ರನ್ನನಲ್ಲಿ ದುರ್ಯೋಧನ ತಾನಾಗಿ ಒಪ್ಪಿಕೊಂಡಂತಾಯಿತು. ಹಾಗಾದರೆ ಕೃಷ್ಣನ ಮಾತೇ ಸರಿಯಾಗಿತ್ತೆ, ಕರ್ಣನನ್ನು ಮುಳ್ಳಿನಂತೆ ಬಳಸಿಕೊಂಡದ್ದು ನಿಜವೆ? ರನ್ನ ಈ ಪ್ರಶ್ನೆಯನ್ನು ಇತ್ಯರ್ಥ ಮಾಡುವುದಿಲ್ಲ. ಒಪ್ಪಿಗೆ ಬರುವುದು ಅಳುವಿನ ನಡುವೆ, ಅದನ್ನು ಕೇಳಿಸಿಕೊಳ್ಳಬೇಕಾದವನು ಸತ್ತಿದ್ದಾನೆ. ಪಂಪನ ಕರ್ಣ ಗುಟ್ಟನ್ನು ಒಡೆಯನಿಂದ ಬಚ್ಚಿಟ್ಟ. ರನ್ನನ ಒಡೆಯ ಗುಟ್ಟು ಗೊತ್ತಿರುವುದನ್ನು ಕರ್ಣನಿಂದ ಬಚ್ಚಿಟ್ಟ. ಎರಡು ಕಾವ್ಯಗಳನ್ನು ಜೋಡಿಸಿ ಓದಿದರೆ, ಒಂದೇ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಪರಸ್ಪರ ಸುಮ್ಮನಿದ್ದ ಇಬ್ಬರು ಗೆಳೆಯರು ಕಾಣುತ್ತಾರೆ. ಸುಮ್ಮನಿದ್ದುದಕ್ಕೆ ಕಾರಣ ಸ್ವಾರ್ಥವೋ, ಹೇಳಿದರೆ ಗೆಳೆಯನನ್ನು ಕಳೆದುಕೊಳ್ಳುವ ಭಯವೋ? ಎರಡನ್ನೂ ಬೇರೆಮಾಡಲಾಗದಂತೆ ಬರೆದಿರುವುದರಿಂದ ಈ ಪದ್ಯ ಗದಾಯುದ್ಧದ ಶಿಖರವೆಂದು ನನ್ನ ಎಣಿಕೆ, ಸರೋವರದ ನೀರಿನೊಳಗೂ ದುರ್ಯೋಧನನನ್ನು ಬೆವರಿಸಿದ ಆ ಹೆಸರಾಂತ ಪದ್ಯಕ್ಕಿಂತಲೂ.

ಬಿ.ಎಂ.ಶ್ರೀ. ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿ ದುರ್ಯೋಧನನನ್ನು ದುರಂತನಾಯಕನಾಗಿ ಕಂಡರು. ಮುಂದೆ ಸೊಫೊಕ್ಲಿಸನ ಏಜಾಕ್ಸನ ಅಚ್ಚಿಗೆ ಅಶ್ವತ್ಥಾಮನನ್ನು ಎರಕಹೊಯ್ದು 1929ರಲ್ಲಿ ‘ಅಶ್ವತ್ಥಾಮನ್’ ಬರೆದರು. ಬಿದ್ದ ಒಡೆಯನನ್ನು ಮೆಚ್ಚಿಸಲು ಇರುಳಲ್ಲಿ ಮಲಗಿದ್ದವರನ್ನು ಕೊಂದ ಅಶ್ವತ್ಥಾಮ, ನಿಷ್ಠೆ ಹಳಿ ತಪ್ಪಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕರ್ಣನಿಗಿಂತ ಹೆಚ್ಚು ತಕ್ಕ ನಿದರ್ಶನ. ಅವನ ಮೇಲೆ ಬೇರೆಯೇ ಲೇಖನ ಬೇಕು.

ಭಯ ಹೋದದ್ದೆಲ್ಲಿ?

ಸಿಟ್ಟು, ಮರುಕ, ದುಃಖ, ನಾಚಿಕೆ ಎಲ್ಲಕ್ಕೂ ಪಂಪ–ರನ್ನರಲ್ಲಿ ಮಾತುಂಟು, ಸೈನಿಕನ ಅತಿ ಸಹಜ ಭಾವವಾದ ಭಯಕ್ಕೆ ಇಲ್ಲ. ನಾಯಕರಿಗೆ ಭಯ ಆಗುವಂತಿಲ್ಲ. ಕನ್ನಡ ಭಾರತದಲ್ಲಿ ಭಯಕ್ಕೆ ಬಾಯಿ ಬಂದದ್ದು ಗದುಗಿನಲ್ಲಿ, ಅದೂ ನಗೆಯ ವೇಷದಲ್ಲಿ. ಕುಮಾರವ್ಯಾಸನ ಉತ್ತರಕುಮಾರ ಹೆಂಗಳೆಯರ ನಡುವೆ ಮೀಸೆ ತಿರುವಿ, ಕೌರವ ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಆ ಪ್ರಸಂಗ ಜನರಿಗೆ ಎಷ್ಟು ಹಿಡಿಸಿತೆಂಬುದಕ್ಕೆ ಸಾಕ್ಷಿ. ಗಮಕಿಗಳು ಓದುವಾಗ ಸಭೆ ನಗುತ್ತದೆ. ಆದರೆ ಉತ್ತರ ಕೊಡುವ ಕಾರಣಗಳನ್ನು ತುಸು ನಿಧಾನವಾಗಿ ಕೇಳಿದರೆ ಅವುಗಳಲ್ಲಿ ತಪ್ಪು ಹುಡುಕುವುದು ಕಷ್ಟ: ಬದುಕಬೇಕು, ಮನೆಗೆ ಮರಳಬೇಕು, ಈ ಸಾವಿನಿಂದ ಯಾರಿಗೂ ಲಾಭವಿಲ್ಲ. ವೀರರಸದ ಕಾವ್ಯ ಈ ಮಾತನ್ನು ಹೇಡಿಯ ಬಾಯಿಂದಲ್ಲದೆ ಬೇರೆಯವರಿಂದ ಆಡಿಸಲಾರದು.

ಅದೇ ಕುಮಾರವ್ಯಾಸ ಕರ್ಣಪರ್ವದಲ್ಲಿ ಅರ್ಜುನನಿಗೆ ಭಯವಲ್ಲದ, ಹೆಸರಿಡಲಾಗದ ಒಂದು ಅಳುಕು ಹುಟ್ಟಿಸುತ್ತಾನೆ. ಕರ್ಣ ತನ್ನಣ್ಣನೆಂದು ಅರ್ಜುನನಿಗೆ ಗೊತ್ತಿಲ್ಲ. ಕೈ ಮಾತ್ರ ಏಳುವುದಿಲ್ಲ. ಈ ಕರ್ಣ ನಮಗೆ ಏನಾಗಬೇಕು ಎಂದು ಅವನು ಕೃಷ್ಣನನ್ನು ಕೇಳುತ್ತಾನೆ. ಬುದ್ಧಿಗೆ ತಿಳಿಯದ್ದು ಮೈಗೆ ತಿಳಿದಿದೆ. ಆತಕೂರಿನ ಕಲ್ಲು ಅಣ್ಣನ ಕೊಲೆಯನ್ನು ದಾಟಿಹೋದ ಬಗೆಯನ್ನು ನೆನೆದರೆ, ತಿಳಿಯದ ಅಣ್ಣನ ಎದುರು ಗಾಂಡೀವಿಯ ಕೈ ತಡೆದ ಈ ಪ್ರಸಂಗ ಎಷ್ಟು ಬೇರೆ ಲೋಕದ್ದು!

ಉಳಿದವರು

ಯೋಧ ಸತ್ತ ಮೇಲೆ ಅವನ ನಂಟುಗಳಿಗೆ ಏನಾಯಿತು ಎಂಬುದಕ್ಕೆ ರನ್ನನ ಕಣ್ಣೆದುರೇ ಒಂದು ಮನೆಯಿತ್ತು. ಅಕ್ಕತಂಗಿಯರಾದ ಅತ್ತಿಮಬ್ಬೆ, ಗುಂಡಮಬ್ಬೆ ಇಬ್ಬರೂ ಚಾಲುಕ್ಯ ದಂಡನಾಯಕ ನಾಗದೇವನ ಹೆಂಡಂದಿರು. ನಾಗದೇವ ಯುದ್ಧದಲ್ಲಿ ಮಡಿದಾಗ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗನನ್ನು ಸಾಕಲು ಉಳಿದುಕೊಂಡಳು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದವಳು, ಲಕ್ಕುಂಡಿಯ ಬಸದಿ ಕಟ್ಟಿಸಿದವಳು, ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಯಿಸಿದವಳು ಇವಳೇ. ರನ್ನ ಅವಳ ದಾನವನ್ನು, ವ್ರತವನ್ನು ಬಾಯ್ತುಂಬ ಹೊಗಳುತ್ತಾನೆ. ತಂಗಿ ಬೆಂಕಿಗೆ ಹೋದ ದಿನ ಅಕ್ಕ ಏನೆಂದುಕೊಂಡಳು ಎಂಬುದಕ್ಕೆ ಆ ಹೊಗಳಿಕೆಯಲ್ಲಿ ಎಡೆಯಿಲ್ಲ. ದುರ್ಯೋಧನನಿಗೆ ಹೆಣಗಳ ನಡುವೆ ನಿಂತು ಅಳುವ ಅವಕಾಶ ಕೊಟ್ಟ ಕವಿ, ತನ್ನನ್ನು ಪೊರೆದ ವಿಧವೆಗೆ ಆ ಅವಕಾಶ ಕೊಡಲಿಲ್ಲ. ಪುರಾಣದ ಚೌಕಟ್ಟಿನಲ್ಲಿ ಅದಕ್ಕೆ ಜಾಗವಿರಲಿಲ್ಲವೆಂದು ಸಮಾಧಾನ ಹೇಳಬಹುದು. ಸಲ್ಲೇಖನವನ್ನು ಕಲಿಸಿದ ಧರ್ಮ ಅಳುವನ್ನು ಮೋಹವೆಂದು ಬಗೆಯುವುದೂ ನಿಜ.

ಆ ಅಳು ಕನ್ನಡದಲ್ಲಿ ರಂಗಕ್ಕೆ ಬರಲು ಬಹಳ ಕಾಲ ಹಿಡಿಯಿತು. ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ನಾಟಕದಲ್ಲಿ (1931) ಯುದ್ಧ ಮುಗಿದ ರಣಭೂಮಿಯನ್ನೇ ರಂಗಸ್ಥಳವಾಗಿಸಿ, ಭಾರತದ ದೊಡ್ಡ ಹೆಸರುಗಳ ಪಕ್ಕದಲ್ಲಿ ಹೆಸರಿಲ್ಲದವರ ಸಂಕಟಕ್ಕೂ ಜಾಗ ಕೊಟ್ಟರು. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕುಂತಿ, ದ್ರೌಪದಿ, ಗಾಂಧಾರಿಯರ ಒಳಮಾತನ್ನು ಕೇಳಿಸಿತು. ಪಾಳೆಯದ ಹೊಲಸು, ಕೊಳೆಯುವ ಹೆಣ, ಸೇನೆಗೆ ಅನ್ನ ನೀರು ಒದಗಿಸುವ ತಾಪತ್ರಯ, ಯುದ್ಧದ ಬಳಿಕ ಸೈನಿಕರಿಂದ ಬಸಿರಾದ ಹೆಂಗಸರು ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಯಿತು. ಆ ಕಾದಂಬರಿಗೆ ಇರುವ ಆಕ್ಷೇಪಣೆಗಳು ಏನೇ ಇರಲಿ, ನಮ್ಮ ಚರ್ಚೆಗೆ ಒಂದು ಸಂಗತಿ ಮುಖ್ಯ. ಶಾಸನಗಳ ಕಾಲದಲ್ಲಿ ಅನ್ನ ಒಡೆಯನಿಗೂ ಆಳಿಗೂ ನಡುವಿನ ಪವಿತ್ರ ಕಟ್ಟಾಗಿತ್ತು, ಅದನ್ನು ಉಂಡವನು ಸಾಯಲು ಒಪ್ಪಿಕೊಂಡಿರುತ್ತಿದ್ದ. ‘ಪರ್ವ’ದ ಸಾಮಾನ್ಯ ಸೈನಿಕನಿಗೆ ಅನ್ನ ಹೊತ್ತು ಹೊತ್ತಿಗೆ ಬರುತ್ತದೆಯೋ ಇಲ್ಲವೋ ಎಂಬುದೇ ಚಿಂತೆ. ಉಣ್ಣಿಸದ ಒಡೆಯನಿಗೆ ಅವನು ಏನು ಋಣಿ ಎಂಬ ಪ್ರಶ್ನೆಯನ್ನು ಪಂಪನ ಕರ್ಣನಾಗಲಿ ರನ್ನನ ದುರ್ಯೋಧನನಾಗಲಿ ಕೇಳಿಕೊಳ್ಳಬೇಕಾಗಿ ಬಂದಿರಲಿಲ್ಲ, ಅವರಿಬ್ಬರೂ ಹೊಟ್ಟೆ ತುಂಬಿದವರು.